ಕೌದಿ ಸುಕ್ಕಾಗುತ್ತೆ, ವಾಪಸ್ ಕಳಿಸಬೇಡಿ

ಕೈಯಲ್ಲಿ ಹೊಲಿದ ಕೌದಿಯನ್ನು ಒಗೆದರೆ ಸುಕ್ಕುಗಟ್ಟುತ್ತದೆ. ಬಹಳ ಸಲ ಅದು ಹೊಲಿದವರ ತಪ್ಪಲ್ಲ, ಬಟ್ಟೆಯ ಗುಣ. ಇಷ್ಟು ಸಣ್ಣ ಸಂಗತಿ ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿಲ್ಲದೆ, ಹೊಲಿದ ಹೆಣ್ಣುಮಕ್ಕಳ ಕೈಗೆ ಬರಬೇಕಾದ ದುಡ್ಡು ಬರುತ್ತಿಲ್ಲ ಅನ್ನುವುದು ನನ್ನ ತಕರಾರು.

ನಮ್ಮೂರು ಉಕ್ಕಡಗಾತ್ರಿ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರಾ ದಂಡೆಯ ಮೇಲಿದೆ. ಅಮಾವಾಸ್ಯೆಗೆ ಅಜ್ಜಯ್ಯನ ಗದ್ದುಗೆಗೆ ಬರುವ ಜನಸಾಗರದಿಂದ ನಿಮಗೂ ಹೆಸರು ಗೊತ್ತಿರಬಹುದು. ಹೊಳೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಹೋಗುವುದೂ ಇಲ್ಲಿ ನಡೆಯುತ್ತದೆ. (ಅದರ ಬಗ್ಗೆ ಬೇರೆಯದೇ ಲೇಖನ ಬರೆಯಬೇಕು.) ಅದೇ ಊರಿನ ಓಣಿಗಳಲ್ಲಿ ಹಳೇ ಸೀರೆ, ಹಳೇ ಪಂಚೆಯ ಒಂದು ಚೂರನ್ನೂ ಬಿಸಾಡದೆ ಕೌದಿ ಹೊಲಿಯುವವರು ಇದ್ದಾರೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಮೊದಲೆಲ್ಲ ಕೌದಿ ಮನೆಮಟ್ಟಿಗೆ ಇತ್ತು. ಮಗಳ ಬಾಣಂತನಕ್ಕೆ ಒಂದು, ಹಾಸ್ಟೆಲ್‌ಗೆ ಹೋಗುವ ಹುಡುಗನಿಗೆ ಒಂದು. ಈಗ ಇನ್‌ಸ್ಟಾಗ್ರಾಂ ಬಂದಿದೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಂಥವರು ಓಣಿಯ ಅಜ್ಜಿಯರು ಹೊಲಿದದ್ದರ ಫೋಟೊ ಹಾಕಿ ಮಾರಲು ಶುರು ಮಾಡಿದ್ದೇವೆ. ನನ್ನ ಗೆಳೆಯನೊಬ್ಬ ಹೀಗೆ ಬೆಂಗಳೂರಿನ ಗಿರಾಕಿಯೊಬ್ಬರಿಗೆ ಮೂರು ಕೌದಿ ಕಳಿಸಿದ. ತಿಂಗಳೊಳಗೆ ಮೂರೂ ವಾಪಸ್ ಬಂದವು. ವಾಷಿಂಗ್ ಮಷೀನಿಗೆ ಹಾಕಿದ್ದರಂತೆ. ‘ಸುಕ್ಕಾಗಿದೆ, ಡಿಫೆಕ್ಟ್ ಪೀಸ್’ ಎಂದು ಬರೆದಿದ್ದರು. ಗೆಳೆಯ ಹಣ ಹಿಂದಿರುಗಿಸಿದ. ಆ ಹಣವನ್ನು ಮುರಿದುಕೊಂಡದ್ದು ಮಾತ್ರ ಹೊಲಿದ ದೊಡ್ಡವ್ವನ ಲೆಕ್ಕದಲ್ಲಿ. ಗಿರಾಕಿಗೂ ನಷ್ಟವಿಲ್ಲ, ಮಾರಿದವನಿಗೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಅಡುಗೆ, ದನಕರು ಎಲ್ಲ ಮುಗಿಸಿ ದಿನಕ್ಕೆ ನಾಲ್ಕು ತಾಸಿನಂತೆ 20 ದಿನ ಕೂತರೆ 80 ತಾಸು. ಕೌದಿಗೆ 1,600 ರೂಪಾಯಿ ಸಿಕ್ಕಿತು ಎಂದುಕೊಂಡರೂ ತಾಸಿಗೆ 20 ರೂಪಾಯಿ. ದಾರದ ಖರ್ಚು ಬೇರೆ. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಸಾಲದು ಎಂದು ಗೊಣಗುವ ನಾವು ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಬೇಕು.

ಸರಿ, ಸುಕ್ಕು ಯಾಕೆ ಬರುತ್ತದೆ? ಮಗ್ಗದ ಮೇಲೆ, ಆಮೇಲೆ ಗಿರಣಿಯಲ್ಲಿ ಬಟ್ಟೆಯನ್ನು ಜಗ್ಗಿ ಬಿಗಿ ಮಾಡಿರುತ್ತಾರೆ. ನೀರು ಬಿದ್ದಾಗ ಹತ್ತಿಯ ಎಳೆ ಉಬ್ಬುತ್ತದೆ, ಆ ಬಿಗಿ ಸಡಿಲಾಗುತ್ತದೆ, ಬಟ್ಟೆ ಚಿಕ್ಕದಾಗುತ್ತದೆ. ನೂರು ಸಲ ಒಗೆದ ಹಳೇ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಅದರ ಕೆಳಗೆ ಅಂಗಡಿಯಿಂದ ತಂದ ಹೊಸ ಕಾಟನ್ ಬಟ್ಟೆಯನ್ನು ಒಗೆಯದೆ ಹಾಗೇ ಕೊಟ್ಟು ಹೊಲಿದರೆ? ಎರಡು ಮೀಟರ್ ಬಟ್ಟೆ ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ ಎಂಟು ಸೆಂಟಿಮೀಟರ್ ಹೋಯಿತು. ಮೇಲಿನ ಸೀರೆ ಮಾತ್ರ ಎರಡು ಮೀಟರ್ ಇದ್ದಂತೆಯೇ ಇದೆ. ಹೆಚ್ಚಾದ ಆ ಎಂಟು ಸೆಂಟಿಮೀಟರ್ ಎಲ್ಲಿ ಹೋಗಬೇಕು? ಹೊಲಿಗೆ ಸಾಲುಗಳ ನಡುವೆ ಉಬ್ಬಿಕೊಂಡು ಕೂರುತ್ತದೆ. ನಾವು ಸುಕ್ಕು ಅನ್ನುವುದು ಅದನ್ನೇ.

‘ನಮ್ಮವ್ವನ ಕಾಲದ ಕೌದಿ ಹಿಂಗೆ ಮುದುಡ್ತಿರಲಿಲ್ಲಪ್ಪ’ ಎಂದು ದೊಡ್ಡವ್ವ ಹೇಳುವುದರಲ್ಲೂ ಅರ್ಥವಿದೆ. ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿ ಮನೆಯ ಹಳೇ ಬಟ್ಟೆಯ ಗಂಟು ಬಿಚ್ಚಿದರೆ ಬಹುಪಾಲು ಹತ್ತಿಯದೇ ಸಿಗುತ್ತಿತ್ತು. ಎಲ್ಲ ಪದರಗಳೂ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತಿದ್ದವು. ಈಗಿನ ಗಂಟಿನಲ್ಲಿ ಪಾಲಿಯೆಸ್ಟರ್ ಸೀರೆ ಇದೆ, ರೇಯಾನ್ ಕುರ್ತಾ ಇದೆ, ಲೆಗ್ಗಿಂಗ್ಸ್ ಇದೆ. ಪಾಲಿಯೆಸ್ಟರ್ ನೀರಿಗೆ ಕುಗ್ಗುವುದೇ ಇಲ್ಲ ಅನ್ನಬಹುದು. ರೇಯಾನ್ ಹತ್ತಿಗಿಂತಲೂ ಹೆಚ್ಚು ಕುಗ್ಗುತ್ತದೆ, ನೆನೆದಾಗ ಬಲವನ್ನೂ ಕಳೆದುಕೊಳ್ಳುತ್ತದೆ. ರೇಯಾನ್ ಅಂದರೆ ವಿಸ್ಕೋಸ್; ಹರಿಹರದಲ್ಲಿ ಹೊಳೆ ದಾಟಿದರೆ ಸಿಗುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗುವುದೂ ಈ ವಿಸ್ಕೋಸ್ ನಾರೇ. ಇವನ್ನೆಲ್ಲ ಒಂದೇ ಕೌದಿಯಲ್ಲಿ ಸೇರಿಸಿದರೆ ಒಂದು ಇತ್ತ ಜಗ್ಗುತ್ತದೆ, ಇನ್ನೊಂದು ಕದಲುವುದಿಲ್ಲ.

ಹಾಗಂತ ಎಲ್ಲ ಸುಕ್ಕನ್ನೂ ‘ಹ್ಯಾಂಡ್‌ಮೇಡ್’ ಎಂಬ ಹೆಸರಿನಲ್ಲಿ ಒಪ್ಪಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಸುಕ್ಕಿನಲ್ಲಿ ಎರಡು ಬಗೆ. ಕೌದಿಯ ಮೈತುಂಬ ಒಂದೇ ಸಮ ಹರಡಿದ ಸಣ್ಣ ಅಲೆಗಳಂಥದ್ದು ಒಂದು. ಅದು ಕೈಹೊಲಿಗೆಯ ಗುರುತು. ಬಂಗಾಳದ ಕಾಂಥಾದ ಮೇಲೆ ಇಂಥದೇ ಅಲೆ ಕಂಡರೆ ಜನ ಮೆಚ್ಚಿ ದುಡ್ಡು ಕೊಡುತ್ತಾರೆ. ಇನ್ನೊಂದು, ಒಂದು ಕಡೆ ಮಾತ್ರ ಗುಬ್ಬಳಿಸಿಕೊಂಡು, ಅಂಚು ಸೊಟ್ಟಗಾಗಿ, ಹಾಸಿದರೆ ನೆಲಕ್ಕೆ ಕೂರದೇ ಇರುವುದು. ಇದು ಅವಸರದ ಕೆಲಸ. ದಾರವನ್ನು ಬಿಗಿಯಾಗಿ ಎಳೆದಿರುತ್ತಾರೆ, ಇಲ್ಲವೇ ಪದರಗಳನ್ನು ಕಚ್ಚಾ ಹೊಲಿಗೆಯಲ್ಲಿ ಹಿಡಿಸದೆ ನೇರ ಹೊಲಿಗೆಗೆ ಕೂತಿರುತ್ತಾರೆ. ಇದರ ಬಗ್ಗೆ ಗಿರಾಕಿ ದೂರಿದರೆ ಅದು ನ್ಯಾಯವೇ.

ಎರಡಕ್ಕೂ ಮದ್ದಿದೆ. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ, ಮಹಾನವಮಿ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯುವಾಗ ನಮ್ಮ ಹೆಂಗಸರು ಮಾಡುವುದನ್ನೇ ಹೇಳುತ್ತೇನೆ. ಬಿಸಿನೀರು ಬೇಡ, ತಣ್ಣೀರಲ್ಲಿ ನೆನೆಸಿ. ಸೋಪು ಕಡಿಮೆ ಹಾಕಿ. ಹಿಂಡಲೇಬೇಡಿ. ಮಡಿಸಿ, ಕೈಯಿಂದ ಒತ್ತಿ ನೀರು ಇಳಿಸಿ. ಆಮೇಲೆ ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆಗಳನ್ನೂ ಹದವಾಗಿ ಜಗ್ಗಬೇಕು. ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ಹಗ್ಗದ ಮೇಲೆ ಒಂದೇ ಅಂಚಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಪದರಗಳು ಜಾರುತ್ತವೆ. ಹೊರಸಿನ ಮೇಲೋ ಚೊಕ್ಕ ಬಂಡೆಯ ಮೇಲೋ ಹರಡಿ. ಅರೆ ಒಣಗಿದಾಗ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಪಿ.ಜಿ.ಯಲ್ಲಿ ಇರುವವರಿಗೆ ಬಂಡೆ ಎಲ್ಲಿಂದ ಬರಬೇಕು ಅನ್ನಬೇಡಿ, ಟೆರೇಸ್ ಮೇಲೆ ಒಂದು ಚಾದರ ಹಾಸಿಕೊಂಡರೆ ಸಾಕು.

ಇಸ್ತ್ರಿ ಮಾಡುವುದಾದರೆ ತೇವ ಇರುವಾಗಲೇ, ಹಿಂಬದಿಯಿಂದ. ಎಳೆದಾಡದೆ ಒತ್ತಿ ಒತ್ತಿ ಎತ್ತಬೇಕು. ಪಾಲಿಯೆಸ್ಟರ್ ತುಂಡು ಇದ್ದರೆ ಶಾಖ ಕಡಿಮೆ ಇರಲಿ. ಒಂದೇ ಸಾಲು ಬಿಗಿದುಕೊಂಡಿದ್ದರೆ ಇಡೀ ಕೌದಿಗೆ ಸಿಟ್ಟಾಗುವ ಅಗತ್ಯವಿಲ್ಲ. ಆ ಸಾಲಿನ ಕೊನೆಯ ಗಂಟನ್ನು ಕತ್ತರಿಸಿ, ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಸಡಿಲಿಸುತ್ತ ಹೋಗಿ. ಬಟ್ಟೆ ನೆಟ್ಟಗೆ ಕೂತ ಮೇಲೆ ಬೇರೆ ದಾರ ಸೇರಿಸಿ ಹೊಲಿದು ಗಂಟು ಹಾಕಿ. ಒಂದು ತೇಪೆ ಮಾತ್ರ ಕುಗ್ಗಿದ್ದರೆ ಅದನ್ನು ಬಿಚ್ಚಿ ಬೇರೆ ತುಂಡು ಹಾಕಬೇಕು, ಇಸ್ತ್ರಿಗೆ ಅದು ಬಗ್ಗುವುದಿಲ್ಲ. ಕೌದಿಯ ದೊಡ್ಡ ಅನುಕೂಲವೇ ಇದು. ಎಲ್ಲಿ ಬೇಕಾದರೂ ಬಿಚ್ಚಿ ಹೊಲಿಯಬಹುದು.

ಹೊಲಿಯುವಾಗ ಇನ್ನೂ ಸುಲಭ. ಹೊಸ ಬಟ್ಟೆಯನ್ನು ಎರಡು ಸಲ ಒಗೆದು ಒಣಗಿಸಿಯೇ ಕತ್ತರಿ ಹಾಕಬೇಕು. ಹತ್ತಿಯ ಕೌದಿಗೆ ಹತ್ತಿಯ ತುಂಡುಗಳನ್ನೇ ಆರಿಸಿಕೊಳ್ಳಬೇಕು. ಗೇಣುದ್ದ ಹೊಲಿದ ಮೇಲೊಮ್ಮೆ ಅಂಗೈಯಿಂದ ಬಟ್ಟೆ ಸವರಿ ದಾರ ಸಡಿಲಿಸಬೇಕು. ಇದನ್ನು ದೊಡ್ಡವ್ವನಿಗೆ ನಾವು ಕಲಿಸಬೇಕಾಗಿಲ್ಲ. ‘ಹದಿನೈದು ದಿನದಾಗೆ ಐದು ಕೌದಿ ಬೇಕು’ ಎಂದು ಅವಸರ ಹಚ್ಚುವುದನ್ನು ನಾವು ಬಿಟ್ಟರೆ ಸಾಕು.

ಮಷೀನಿನಲ್ಲಿ ಹೊಲಿಸಿ, ನಡುವೆ ಪಾಲಿಯೆಸ್ಟರ್ ಹಾಕಿಬಿಟ್ಟರೆ ತಂಟೆಯೇ ಇಲ್ಲ ಎಂದು ಗೆಳೆಯ ವಾದಿಸುತ್ತಾನೆ. ನಿಜ, ಸುಕ್ಕು ಕಡಿಮೆಯಾದೀತು. ಆದರೆ ಅಂಥ ಹೊದಿಕೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಮಗಿಂತ ಅಗ್ಗಕ್ಕೆ. ಅದರ ಮುಂದೆ ಉಕ್ಕಡಗಾತ್ರಿಯ ಓಣಿ ನಿಲ್ಲಲಾರದು.

ನಾನು ಅವನಿಗೆ ಹೇಳಿದ್ದು ಬೇರೆ. ಕೌದಿಯನ್ನು ಒಮ್ಮೆ ಒಗೆದು, ಸುಕ್ಕು ಬಂದ ಮೇಲೆಯೇ ಫೋಟೊ ತೆಗೆದು ಹಾಕು. ಇಸ್ತ್ರಿ ಹೊಡೆದ ಹೊಸ ಕೌದಿಯ ಫೋಟೊ ತೋರಿಸಿದರೆ ಗಿರಾಕಿ ಅದನ್ನೇ ನಿರೀಕ್ಷಿಸುತ್ತಾನೆ. ಯಾವ ಬಟ್ಟೆ, ಹೇಗೆ ಒಗೆಯಬೇಕು ಎಂದು ಕನ್ನಡದಲ್ಲೇ ನಾಲ್ಕು ಸಾಲಿನ ಚೀಟಿ ಇಡು. ವಾಪಸ್ ಬಂದರೆ ಆ ನಷ್ಟ ಮಾರುವವನದು, ಹೊಲಿದವರ ದುಡ್ಡನ್ನು ಮುಟ್ಟುವಂತಿಲ್ಲ. ಮೊದಲೆರಡಕ್ಕೆ ತಕ್ಷಣ ಒಪ್ಪಿದ. ಮೂರನೆಯದಕ್ಕೆ ಇನ್ನೂ ‘ನೋಡೋಣ’ ಅನ್ನುತ್ತಿದ್ದಾನೆ.