ಬಿದ್ದ ಕ್ರಿಪ್ಟೋ: ಕೊಳ್ಳುವುದೋ, ಕಾಯುವುದೋ?

ಬೆಲೆ ಬಿದ್ದಾಗ ಹತ್ತಿಯನ್ನು ಮನೆಯಲ್ಲೇ ಇಟ್ಟು ಕಾಯುವುದು ಯರಗಟ್ಟಿ, ಬೈಲಹೊಂಗಲ ಸೀಮೆಯ ರೈತರಿಗೆ ಹೊಸದಲ್ಲ. ಆದರೆ ಹತ್ತಿಗೆ ಸರ್ಕಾರದ ಬೆಂಬಲ ಬೆಲೆಯಿದೆ, ನೂಲಿನ ಗಿರಣಿಗಳ ಬೇಡಿಕೆಯಿದೆ; ಮೊಬೈಲಿನಲ್ಲಿ ಕೊಂಡ ಕ್ರಿಪ್ಟೋ ನಾಣ್ಯಕ್ಕೆ ಅಂಥ ಆಸರೆಯಿಲ್ಲ. 2021ರ ನವೆಂಬರಿನಲ್ಲಿ ಸುಮಾರು 69 ಸಾವಿರ ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್, ಮರುವರ್ಷ ಕ್ರಿಪ್ಟೋ ವಿನಿಮಯ ಕೇಂದ್ರ ಎಫ್‌ಟಿಎಕ್ಸ್ ದಿವಾಳಿಯಾದಾಗ 16 ಸಾವಿರಕ್ಕೂ ಕೆಳಗಿಳಿಯಿತು. 2024ರ ಮಾರ್ಚಿನಲ್ಲಿ 73 ಸಾವಿರ ದಾಟಿತು. ಕಾದವರು ಗೆದ್ದರು ಎನ್ನುವವರು ಲೂನಾದ ಕಥೆಯನ್ನೂ ಹೇಳಬೇಕು: 2022ರ ಮೇ ಆರಂಭದಲ್ಲಿ 80 ಡಾಲರ್ ಆಸುಪಾಸಿನಲ್ಲಿದ್ದ ಆ ನಾಣ್ಯ ಹತ್ತು ದಿನಗಳಲ್ಲಿ ಒಂದು ಸೆಂಟಿನಷ್ಟೂ ಬೆಲೆಬಾಳದಂತಾಯಿತು, ಹಳೆಯ ಬೆಲೆಗೆ ಮರಳಲೂ ಇಲ್ಲ. ತೆರಿಗೆಯ ಲೆಕ್ಕ ಇನ್ನೂ ಬಿಗಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಇದೆ. ಒಂದು ನಾಣ್ಯದಲ್ಲಿ 50 ಸಾವಿರ ರೂಪಾಯಿ ಗಳಿಸಿ, ಇನ್ನೊಂದರಲ್ಲಿ ಅಷ್ಟೇ ಕಳೆದುಕೊಂಡವರ ಕೈಯಲ್ಲಿ ಉಳಿಯುವುದು ಸೊನ್ನೆ. ಆದರೂ ಲಾಭದಲ್ಲಿ ನಷ್ಟ ಕಳೆಯಲು ಕಾನೂನು ಬಿಡದ ಕಾರಣ 15 ಸಾವಿರ ತೆರಿಗೆ, ಮೇಲೆ ಸೆಸ್ಸು ಕಟ್ಟಲೇಬೇಕು. ಮಾರುವ ದಾರಿಯೂ ಮುಚ್ಚಬಹುದು: 2024ರ ಜುಲೈನಲ್ಲಿ ಭಾರತದ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾದಾಗ, ಮಾರಲು ಮನಸ್ಸಿದ್ದವರೂ ತಿಂಗಳುಗಟ್ಟಲೆ ತಮ್ಮ ನಾಣ್ಯ ಹೊರತೆಗೆಯಲಾಗದೆ ಒದ್ದಾಡಿದರು. ಆದ್ದರಿಂದ ಬೀಜ-ಗೊಬ್ಬರದ ದುಡ್ಡು, ಸೊಸೈಟಿ ಸಾಲದ ಕಂತು ಕ್ರಿಪ್ಟೋದಲ್ಲಿ ಸಿಕ್ಕಿಕೊಂಡಿದ್ದರೆ ನಷ್ಟವಾದರೂ ಮಾರಿ ಹೊರಬರುವುದು ಲೇಸು. ಪೂರ್ತಿ ಹೋದರೂ ಸಂಸಾರ ನಡೆಯುತ್ತದೆ ಎನ್ನುವಷ್ಟು ಹಣ ಮಾತ್ರ ಇದ್ದರೆ ಕಾಯಬಹುದು; ಬೆಲೆ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಮತ್ತೆ ಕೊಳ್ಳುವುದು ಮಾತ್ರ ಬೇಡ.