ಗುಂಡಿಗಿಂತ ಮೊದಲು ಕಿವಿ

"ಡೀಜೆ ಆಗೋದಕ್ಕೆ ಏನಿದೆ? ಒಂದು ಗುಂಡಿ ಒತ್ತಿದರೆ ಆಯ್ತು!" ಕ್ಯಾಂಟೀನಿನಲ್ಲಿ ಈ ಮಾತು ದಿನವೂ ಕೇಳುತ್ತದೆ. ಪೂರ್ತಿ ಸುಳ್ಳೂ ಅಲ್ಲ. ಈಗಿನ ಯಂತ್ರಗಳಲ್ಲಿ 'ಸಿಂಕ್' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಎರಡು ಹಾಡುಗಳ ಬಡಿತವನ್ನು ಯಂತ್ರವೇ ಕೂಡಿಸುತ್ತದೆ. ಆದರೂ ಹೊಸದಾಗಿ ಕಲಿಯುವವರು ಮೊದಲ ಕೆಲವು ತಿಂಗಳು ಅದರ ಮೇಲೆ ಬೆರಳಿಡಬಾರದು ಎಂಬುದು ನನ್ನ ವಾದ.

ಬೀಟ್‌ಮ್ಯಾಚಿಂಗ್ ಎಂದರೆ ಇಷ್ಟೇ: ಒಂದು ಹಾಡು ಜನರಿಗೆ ಕೇಳುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಅದರ ವೇಗ ಸರಿಮಾಡಿ, ಬಡಿತದ ಮೇಲೆ ಬಡಿತ ಬೀಳುವಂತೆ ಬಿಡುವುದು. 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಇದನ್ನು ರೂಢಿಗೆ ತಂದ ಮೊದಲಿಗರಲ್ಲಿ ಫ್ರಾನ್ಸಿಸ್ ಗ್ರಾಸೊ ಒಬ್ಬ. ಆಗ ಪರದೆಯಿಲ್ಲ, ಅಂಕಿಯಿಲ್ಲ. ರೆಕಾರ್ಡು, ಬೆರಳು, ಕಿವಿ ಅಷ್ಟೆ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನಲ್ಲಿ ವೇಗವನ್ನು ಶೇಕಡಾ 8ರಷ್ಟು ಏರಿಳಿಸುವ ಸ್ಲೈಡರ್ ಬಂತು. ಆಗಲೂ ಎಷ್ಟು ಸರಿಸಬೇಕೆಂದು ಹೇಳಬೇಕಾದದ್ದು ಕಿವಿಯೇ.

ಕಾಮರ್ಸ್ ವಿದ್ಯಾರ್ಥಿ ನಾನು, ಲೆಕ್ಕ ಹೇಳದೆ ಬಿಡಲಾರೆ. ನಡೆಯುತ್ತಿರುವ ಹಾಡಿಗೆ ನಿಮಿಷಕ್ಕೆ 126 ಬಡಿತ, ಮುಂದಿನದಕ್ಕೆ 120 ಇದ್ದರೆ, ಮುಂದಿನದನ್ನು ಶೇಕಡಾ 5 ಏರಿಸಬೇಕು. ನಿಮಿಷಕ್ಕೆ ಅರ್ಧ ಬಡಿತದ ವ್ಯತ್ಯಾಸ ಉಳಿದರೂ ಸಾಕು, ಒಂದೇ ನಿಮಿಷದಲ್ಲಿ ಒಂದರ ಬಡಿತ ಇನ್ನೊಂದರ ಎರಡು ಬಡಿತಗಳ ನಟ್ಟನಡುವೆ ಬಿದ್ದು ಕುದುರೆ ಓಡಿದ ಸದ್ದಾಗುತ್ತದೆ. ಅದಾಗುವ ಮೊದಲೇ ಯಾವುದು ಮುಂದೋಡುತ್ತಿದೆ, ಯಾವುದು ಹಿಂದೆ ಬೀಳುತ್ತಿದೆ ಅಂತ ಹೇಳಬಲ್ಲವನೇ ಕಲಿತವನು.

"ಯಂತ್ರ ಇರುವಾಗ ಈ ಕಷ್ಟ ಯಾಕಪ್ಪಾ?" ಅನ್ನಬಹುದು. ಯಂತ್ರದಲ್ಲೇ ತಾಳ ಹಾಕಿದ ಹಾಡನ್ನು ಯಂತ್ರ ಚೆನ್ನಾಗಿ ಎಣಿಸುತ್ತದೆ, ನಿಜ. ಆದರೆ ನಮ್ಮಂಥವರಿಗೆ ಮೊದಲ ಆರ್ಡರ್ ಸಿಗುವುದೆಲ್ಲಿ? ಮದುವೆ, ಗಣಪತಿ, ನವರಾತ್ರಿ. ಅಲ್ಲಿ ಯಾರದೋ ದೊಡ್ಡಮ್ಮ 1970ರ ದಶಕದ ಹಾಡು ಕೇಳುತ್ತಾರೆ. ಅದರಲ್ಲಿ ಢೋಲಕ್, ತಬಲಾ, ಡ್ರಮ್ಮು ನುಡಿಸಿದವರು ಮನುಷ್ಯರು. ಪಲ್ಲವಿಯಿಂದ ಚರಣಕ್ಕೆ ಬರುವಷ್ಟರಲ್ಲಿ ಲಯ ಕೂದಲೆಳೆಯಷ್ಟು ಏರಿರುತ್ತದೆ, ಇಳಿದಿರುತ್ತದೆ. ಇನ್ನು ಆರು ಮಾತ್ರೆಯ ದಾದ್ರಾ ಹಾಡನ್ನು ನಾಲ್ಕರ ಹಾಡಿನ ಮೇಲೆ ಕೂರಿಸಿದರೆ ಗುಂಡಿ ಅಂಕಿ ಕೂಡಿಸೀತು, ತಾಳ ಕೂಡಿಸಲಾರದು. ಅಲ್ಲಿ ಕಿವಿಯಿಲ್ಲದವನ ಗತಿ ಏನು?

ಈ ವಿದ್ಯೆ ನಮಗೆ ತೀರ ಹೊಸದೂ ಅಲ್ಲ. ಮುಂಬಯಿಯಲ್ಲೇ ಯಕ್ಷಗಾನ ನೋಡಿದವರು ಗಮನಿಸಿರಬಹುದು. ಭಾಗವತರು ಲಯ ಏರಿಸಿದರೆ ಚೆಂಡೆ, ಮದ್ದಳೆಯವರು ಯಾವ ಅಂಕಿಯನ್ನೂ ನೋಡುವುದಿಲ್ಲ. ಕಿವಿಗೊಟ್ಟು ಜೊತೆಗೇ ಬರುತ್ತಾರೆ.

ನಮ್ಮಲ್ಲಿ ಅನೇಕರು ಕನ್ನಡ ಶಾಲೆಯಿಂದ ಬಂದವರು. ಯಂತ್ರದ ಬೆಲೆ ಕೇಳಿ, ಅದರ ಇಂಗ್ಲಿಷ್ ಕೈಪಿಡಿ ನೋಡಿ, ಇದು ನಮ್ಮದಲ್ಲ ಅಂದುಕೊಂಡು ಹಿಂದೆ ಸರಿಯುತ್ತೇವೆ. ಕಿವಿಗೆ ಆ ಮೀಡಿಯಂ, ಈ ಮೀಡಿಯಂ ಎಂಬ ಭೇದವಿಲ್ಲ, ಫೀಸೂ ಇಲ್ಲ. ಲೋಕಲ್ ಗಾಡಿಯಲ್ಲಿ ಹಾಡು ಕೇಳುತ್ತ ನಾಲ್ಕು ನಾಲ್ಕಾಗಿ 32ರವರೆಗೆ ಎಣಿಸಿ. ಕುಣಿತದ ಹಾಡುಗಳಲ್ಲಿ ಸಾಮಾನ್ಯವಾಗಿ ಅಲ್ಲಿಗೇ ಏನೋ ಒಂದು ಬದಲಾಗುತ್ತದೆ. ಮುಂದಿನ ಹಾಡು ಬಿಡುವ ಜಾಗ ಅದು. ಇಷ್ಟು ಬಂದಮೇಲೆ ಗೆಳೆಯನ ಯಂತ್ರ ಒಂದು ಗಂಟೆ ಸಿಕ್ಕಿದರೂ ಆ ಗಂಟೆ ದಂಡವಾಗುವುದಿಲ್ಲ.

ಸಿಂಕ್ ಶತ್ರುವಲ್ಲ. ಮಗ್ಗಿ ಬಂದವನಿಗೆ ಕ್ಯಾಲ್ಕುಲೇಟರ್ ಆಳು. ಬಾರದವನಿಗೆ ಅದೇ ಯಜಮಾನ. ಒಪ್ಪದ ಗೆಳೆಯರು ಪರದೆಯ ಮೇಲೆ ಕರ್ಚೀಫು ಮುಚ್ಚಿ, ಹತ್ತು ಸಲ ಎರಡು ಹಾಡು ಕೂಡಿಸಿ ನೋಡಲಿ. ಆಮೇಲೆ ಮುಂದಿನ ಸಂಚಿಕೆಗೆ ನನ್ನ ವಿರುದ್ಧ ಧಾರಾಳವಾಗಿ ಬರೆಯಲಿ.