ಶೇ 5ರ ಹಣ ಹೊಸ್ತಿಲು ದಾಟಲಿ

ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಹಿಂದೆ ಶೇ 3ರಷ್ಟಿದ್ದ ಈ ಪಾಲನ್ನು ಅನಂತರ ಹೆಚ್ಚಿಸಲಾಯಿತು. ಪುರಸಭೆಗಳಿಗೂ ಇಂಥದೇ ಹೊಣೆಯಿದೆ. ಇದು ಸ್ವಾಗತಾರ್ಹವಾದ ಕ್ರಮವೇ. ಆದರೆ ಈ ಹಣ ಮೊದಲು ಯಾವುದಕ್ಕೆ ವೆಚ್ಚವಾಗಬೇಕೆಂಬ ಪ್ರಶ್ನೆ ಚರ್ಚೆಗೆ ಬಂದದ್ದು ಕಡಿಮೆ. ಅಂಗವಿಕಲರು ಇರುವ ಮನೆಯನ್ನು ಅವರು ಬಳಸಬಲ್ಲ ಮನೆಯಾಗಿ ಮಾರ್ಪಡಿಸುವುದೇ ಅದರ ಮೊದಲ ಬಾಬತ್ತಾಗಬೇಕು ಎಂಬುದು ನನ್ನ ಅಭಿಪ್ರಾಯ.

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರನ್ನೇ ತೆಗೆದುಕೊಳ್ಳಿ. ಈ ಸೀಮೆಯ ಹಳೆಯ ಮನೆಗಳಲ್ಲಿ ಓಣಿಯಿಂದ ಒಳಗೆ ಹೋಗಲು ಕಟ್ಟೆ ಹತ್ತಬೇಕು, ಹೊಸ್ತಿಲು ದಾಟಬೇಕು. ಬಚ್ಚಲು ಒಂದು ಮೂಲೆಯಲ್ಲಿದ್ದರೆ ಶೌಚಾಲಯ ಹಿತ್ತಲಿನಲ್ಲಿ. ಅದೂ ಕುಕ್ಕರುಗಾಲಿನಲ್ಲಿ ಕೂರುವಂಥದ್ದು. ಕಾಲಿನ ಶಕ್ತಿ ಕಳೆದುಕೊಂಡವರಿಗೆ ಇಂಥ ಮನೆಯಲ್ಲಿ ದಿನದ ಪ್ರತಿಯೊಂದು ಅಗತ್ಯಕ್ಕೂ ಮತ್ತೊಬ್ಬರ ಹೆಗಲು ಬೇಕು. ಸರ್ಕಾರ ಕೊಟ್ಟ ಗಾಲಿಕುರ್ಚಿ ಪಡಸಾಲೆಯ ಮೂಲೆ ಸೇರುವುದು ಅದನ್ನು ಹೊರಗೆ ತರುವ ದಾರಿಯಿಲ್ಲದ ಕಾರಣಕ್ಕೆ. ಸೇವೆಯಲ್ಲಿದ್ದ ಕಾಲದಲ್ಲಿ ನಾನು ಕಂಡ ಅನೇಕ ಕಡತಗಳಲ್ಲಿ ಮೀಸಲು ಹಣ ಮಾರ್ಚ್ ತಿಂಗಳಲ್ಲಿ ನೆನಪಾಗುವ ಬಾಕಿಯಾಗಿತ್ತು. ಸಲಕರಣೆ ಹಂಚಿ ಲೆಕ್ಕ ಮುಗಿಸುವುದು ಸುಲಭ. ಮನೆ ಮನೆಗೆ ಹೋಗಿ ಅಳತೆ ತೆಗೆಯುವುದು ಕಷ್ಟ.

ಕಾನೂನಿನ ಬೆಂಬಲವಿಲ್ಲವೆಂದಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 37ನೆಯ ಪ್ರಕರಣ ವಸತಿ ಹಾಗೂ ಕೃಷಿ ಭೂಮಿ ಹಂಚಿಕೆಯ ಯೋಜನೆಗಳಲ್ಲಿ ಶೇ 5ರಷ್ಟು ಮೀಸಲಾತಿ ನೀಡುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಇವರಲ್ಲಿ ಒಬ್ಬರ ಹೆಸರಿಗೆ ಮನೆ ಮಂಜೂರಾದರೆ ಮೀಸಲಾತಿಯ ಲೆಕ್ಕ ಸರಿಹೋಗುತ್ತದೆ. ಆ ಮನೆಯೊಳಗೆ ಅವರು ತಾವೇ ಹೋಗಬಲ್ಲರೇ ಎಂದು ಕೇಳುವ ಕಲಂ ಮಂಜೂರಾತಿಯ ನಮೂನೆಗಳಲ್ಲಿ ನನಗೆ ಕಂಡಿಲ್ಲ.

ಇದು ಸಣ್ಣ ತೊಡಕಲ್ಲ. ಗಾಲಿಕುರ್ಚಿಯ ಇಳಿಜಾರು ದಾರಿಗೆ ನಮ್ಮಲ್ಲಿ ಒಪ್ಪಿತವಾದ ಪ್ರಮಾಣ 1:12. ಅಂದರೆ ಮನೆಯ ತಳಪಾಯ ನೆಲದಿಂದ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು ಹದಿನೆಂಟು ಅಡಿ ಉದ್ದವಿರಬೇಕು. ಹಳ್ಳಿಯ ಎಷ್ಟು ಮನೆಗಳ ಮುಂದೆ ಅಷ್ಟು ಜಾಗವಿದೆ? ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಬಯಲು ಪ್ರದೇಶದಲ್ಲಿ ಮೂಲ ನೆರವು 1.20 ಲಕ್ಷ ರೂಪಾಯಿ. ಈ ಮೊತ್ತದಲ್ಲಿ ಗೋಡೆ, ಸೂರು ಏಳುವುದೇ ಪ್ರಯಾಸ. ಅಗಲವಾದ ಬಾಗಿಲು, ಹಿಡಿಕಂಬಿ, ಕುಳಿತು ಬಳಸುವ ಶೌಚಾಲಯ ಇವುಗಳಿಗೆ ಹಣ ಉಳಿಯುವುದಿಲ್ಲ. ಈ ಕೊರತೆಯನ್ನು ತುಂಬಬೇಕಾದದ್ದು ಪಂಚಾಯಿತಿಯ ಶೇ 5ರ ನಿಧಿ. ನಕ್ಷೆಯ ಹಂತದಲ್ಲೇ ಯೋಚಿಸಿದರೆ ಹೆಚ್ಚುವರಿ ಖರ್ಚು ಕಡಿಮೆ. ಕಟ್ಟಿದ ಮೇಲೆ ಒಡೆದು ಸರಿಪಡಿಸಹೊರಟರೆ ಹೆಚ್ಚು.

2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಬೆಳಗಾವಿ ಜಿಲ್ಲೆಯ ನದಿತೀರದ ಹಳ್ಳಿಗಳಲ್ಲಿ ಅಪಾರ ಸಂಖ್ಯೆಯ ಮನೆಗಳು ಬಿದ್ದವು. ಪೂರ್ಣ ಕುಸಿದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಹೀಗೆ ಹೊಸದಾಗಿ ಕಟ್ಟುವ ಸಂದರ್ಭವೇ ಅಂಗವಿಕಲರಿಗೆ ಅನುಕೂಲವಾದ ಮನೆಯ ನಕ್ಷೆಯನ್ನು ಜನರ ಕೈಗಿಡಲು ತಕ್ಕ ಕಾಲ. ನೆರೆಯ ಭಯದಿಂದ ತಳಪಾಯ ಎತ್ತರಿಸಿದಷ್ಟೂ ಇಳಿಜಾರು ಉದ್ದವಾಗಬೇಕೆಂಬುದನ್ನು ಮರೆಯಬಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಲೆಕ್ಕ ಹೇಳಬೇಕು. ಮಗನನ್ನು ಎತ್ತಿ ಬಚ್ಚಲಿಗೆ ಒಯ್ಯಬೇಕಾದ ತಾಯಿ ಕಬ್ಬಿನ ಗದ್ದೆಯ ಕೂಲಿಗೆ ಹೋಗಲಾರಳು. ಆ ಮನೆ ಪ್ರತಿದಿನ ಒಂದು ಕೂಲಿಯನ್ನು ಕಳೆದುಕೊಳ್ಳುತ್ತದೆ. ಆ ನಷ್ಟ ಯಾವ ಆಯವ್ಯಯದಲ್ಲೂ ನಮೂದಾಗುವುದಿಲ್ಲ. ಒಂದು ಹಿಡಿಕಂಬಿ, ಒಂದು ಸರಿಯಾದ ಶೌಚಾಲಯ ಇಬ್ಬರಿಗೆ ಸ್ವಾತಂತ್ರ್ಯ ಕೊಡುತ್ತವೆ. ಇದನ್ನು ದಾನವೆನ್ನುವುದು ತಪ್ಪು, ಇದು ಹೂಡಿಕೆ.

ಖಾಸಗಿ ಮನೆಗೆ ಸಾರ್ವಜನಿಕ ಹಣ ಹಾಕಬಹುದೇ ಎಂಬ ಆಕ್ಷೇಪ ಬರುತ್ತದೆ. ವಸತಿ ಯೋಜನೆಗಳಲ್ಲಿ, ಸ್ವಚ್ಛ ಭಾರತದ ಶೌಚಾಲಯಗಳಲ್ಲಿ ನಾವು ಮಾಡಿದ್ದು ಅದನ್ನೇ ಅಲ್ಲವೇ? ನಿಧಿ ಸಾಲದೆಂಬ ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ಮನೆ ತೆರಿಗೆ, ನೀರಿನ ಕರ ಸೇರಿ ಪಂಚಾಯಿತಿಗೆ 10 ಲಕ್ಷ ರೂಪಾಯಿ ಬಂದರೆ ಶೇ 5 ಎಂದರೆ 50 ಸಾವಿರ ಮಾತ್ರ. ಅಷ್ಟರಲ್ಲಿ ಊರಿನ ಎಲ್ಲರ ಮನೆ ಸರಿಯಾಗದು. ಆದರೆ ತೀವ್ರ ಅಗತ್ಯವುಳ್ಳವರಿಂದ ಆರಂಭಿಸಿ ಐದು ವರ್ಷದ ಸರದಿ ಪಟ್ಟಿ ಮಾಡಿದರೆ ಪ್ರತಿವರ್ಷ ಕೆಲವು ಮನೆಗಳಾದರೂ ಬದಲಾಗುತ್ತವೆ. ಎಲ್ಲರಿಗೂ ಚೂರುಚೂರು ಹಂಚಿದರೆ ಯಾರ ಬದುಕೂ ಬದಲಾಗದು.

ಇಂಗ್ಲೆಂಡಿನಲ್ಲಿ 1996ರ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಮನೆ ಮಾರ್ಪಾಡಿಗೆ ಗರಿಷ್ಠ 30 ಸಾವಿರ ಪೌಂಡ್‌ವರೆಗೆ ಅನುದಾನ ಕೊಡುತ್ತವೆ. ಅರ್ಜಿ ಬಂದ ಆರು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ಅಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೆ ಅರ್ಹರು ಕೇಳಿದರೆ ಕೊಡಲೇಬೇಕೆಂಬ ಕರ್ತವ್ಯ, ಉತ್ತರಕ್ಕೊಂದು ಗಡುವು ಇವೆರಡನ್ನು ನಾವೂ ಅಳವಡಿಸಿಕೊಳ್ಳಬಹುದು.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾರ ಮನೆಯಲ್ಲಿ ಏನು ಅಡ್ಡಿಯಿದೆ ಎಂದು ಅವರು ಪಟ್ಟಿ ಮಾಡಲಿ. ಎಂಜಿನಿಯರ್ ಅಳತೆ, ಅಂದಾಜು ಕೊಡಲಿ. ಗ್ರಾಮಸಭೆಯಲ್ಲಿ ಅಂಗವಿಕಲರ ಎದುರೇ ಸರದಿ ನಿರ್ಧಾರವಾಗಲಿ, ಖರ್ಚಿನ ವಿವರ ಪಂಚಾಯಿತಿಯ ಫಲಕದಲ್ಲಿ ಕಾಣಲಿ. ಗ್ರಾಮಸಭೆ ನಡೆಯುವ ಸ್ಥಳಕ್ಕೂ ಒಂದು ಇಳಿಜಾರು ಇರಬೇಕೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲವೆಂದು ಭಾವಿಸುತ್ತೇನೆ. ಬರುವ ಆಯವ್ಯಯದಲ್ಲಿ ಕರೋಶಿಯಾಗಲಿ, ನೆರೆಯ ಯಾವುದೇ ಪಂಚಾಯಿತಿಯಾಗಲಿ ಈ ಬಾಬತ್ತನ್ನು ಮೊದಲ ಸಾಲಿನಲ್ಲಿ ಬರೆದರೆ ಉಳಿದವರಿಗೆ ಅದೇ ಮೇಲ್ಪಂಕ್ತಿಯಾದೀತು.